ಕನ್ನಡಕ ಒಂದು ಸಾಕು, ರೈಲು ನಿಲ್ಲುವುದು ಬೇಡ

ಕಳೆದ ತಿಂಗಳ ಸಂಚಿಕೆಯಲ್ಲಿ ನಮ್ಮ ಕಾರ್ಯಕಾರಿ ಸಮಿತಿಯ ಯುವ ಸದಸ್ಯರೊಬ್ಬರು ಮಕ್ಕಳಿಗೆ ಊರು ತೋರಿಸುವ ಹೊಸ ದಾರಿಯ ಬಗ್ಗೆ ಒಂದು ಲೇಖನ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: ಭಾನುವಾರದ ಕನ್ನಡ ತರಗತಿಯ ಮಕ್ಕಳನ್ನು ಪ್ರತಿ ಮೇ ತಿಂಗಳಲ್ಲಿ ಕರ್ನಾಟಕಕ್ಕೆ ಕರೆದೊಯ್ಯಲು ಸಂಘ ಸುಮಾರು 1,20,000 ರೂಪಾಯಿ ಖರ್ಚು ಮಾಡುತ್ತದೆ. ಇನ್ನು ಮುಂದೆ ಆ ಪ್ರವಾಸವನ್ನು ನಿಲ್ಲಿಸಿ, ಅದೇ ಹಣದಲ್ಲಿ, ಒಂದಕ್ಕೆ 30,000ದಂತೆ, ನಾಲ್ಕು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಕೊಳ್ಳಬೇಕು. ಆಮೇಲೆ ಮಕ್ಕಳು ಡೊಂಬಿವಲಿಯ ನಮ್ಮ ಸಭಾಗೃಹದಲ್ಲೇ ಕುಳಿತು ಬೇಕೆಂದ ಭಾನುವಾರ ಹಂಪಿ, ಬೇಲೂರು, ಜೋಗ ಎಲ್ಲವನ್ನೂ ನೋಡಬಹುದು. ಈ ಸಲಹೆ ಮುಂದಿನ ತಿಂಗಳ ಮಹಾಸಭೆಯ ಮುಂದೆ ಠರಾವಿನ ರೂಪದಲ್ಲಿ ಬರಲಿದೆ.

ಲೇಖನ ಚೆನ್ನಾಗಿದೆ. ಬರೆದವರು ನನ್ನ ಹಳೆಯ ವಿದ್ಯಾರ್ಥಿ. ಆದ್ದರಿಂದ ಒಂದೂ ಕಾಗುಣಿತ ತಪ್ಪಿಲ್ಲವೆಂಬುದು ನನಗೆ ಹೆಮ್ಮೆಯ ಸಂಗತಿ. ಆದರೆ ಲೆಕ್ಕ ತಪ್ಪಿದೆ. ಅದನ್ನು ತಿದ್ದುವುದು ಪಾಠ ಹೇಳಿದವಳ ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಹನ್ನೊಂದು ವರ್ಷದಿಂದ ಆ ಪ್ರವಾಸವನ್ನು ನಡೆಸಿಕೊಂಡು ಬಂದವಳು ನಾನೇ. ಹೀಗಾಗಿ ‘ಇದು ಅಕ್ಕೋರ ಹಟ’ ಎಂದು ಕೆಲವರು ನಗಬಹುದು. ನಗಲಿ. ಪೂರ್ತಿ ಓದಿದ ಮೇಲೆ ನಕ್ಕರೆ ನನ್ನ ಆಕ್ಷೇಪವಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಯಂತ್ರದ ವೈರಿಯಲ್ಲ. ನವಲಗುಂದದ ಕಡೆಯ ನಮ್ಮ ಹಳ್ಳಿಯ ಜಾತ್ರೆಗೆ ವರ್ಷವೂ ಒಬ್ಬ ಬಯಾಸ್ಕೋಪ್ ಪೆಟ್ಟಿಗೆಯವನು ಬರುತ್ತಿದ್ದ. ಐದು ಪೈಸೆ ಕೊಟ್ಟು, ಮಣ್ಣಿನಲ್ಲಿ ಮೊಣಕಾಲೂರಿ, ಪೆಟ್ಟಿಗೆಯ ತೂತಿಗೆ ಕಣ್ಣು ಹಚ್ಚಿದರೆ ತಾಜಮಹಲು, ದಿಲ್ಲಿಯ ಕೆಂಪು ಕೋಟೆ, ಕೊನೆಗೆ ಮುಂಬಯಿಯ ಸಮುದ್ರ. ನಾನು ಮುಂಬಯಿಯನ್ನು ಮೊದಲು ಕಂಡದ್ದು ಆ ತೂತಿನಲ್ಲಿ. ಮುಂದೆ 1978ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದಾಗ ತಿಳಿಯಿತು, ಪೆಟ್ಟಿಗೆಯವನು ಸುಳ್ಳು ಹೇಳಿರಲಿಲ್ಲ. ಆದರೆ ಎಲ್ಲವನ್ನೂ ಹೇಳಿರಲಿಲ್ಲ. ಅವನ ಪೆಟ್ಟಿಗೆಯಲ್ಲಿ ಸಮುದ್ರವಿತ್ತು, ಬೆಳಗಿನ ನಾಲ್ಕು ಗಂಟೆಗೆ ನಲ್ಲಿಯ ಮುಂದೆ ಕೊಡಗಳ ಸಾಲು ಇರಲಿಲ್ಲ. ದೊಡ್ಡ ದೊಡ್ಡ ಕಟ್ಟಡಗಳಿದ್ದವು, ಆ ಕಟ್ಟಡದೊಳಗೆ ನಮ್ಮ ಭಾಷೆ ತಿಳಿಯದ ನೆರೆಯವಳು ಮೊದಲ ದಿನವೇ ಕೊಟ್ಟುಹೋದ ಒಂದು ಬಟ್ಟಲು ಸಕ್ಕರೆ ಇರಲಿಲ್ಲ. ಅಂದು ಹಳ್ಳಿಯಲ್ಲಿ ಕುಳಿತು ಮುಂಬಯಿ ನೋಡಿದವಳಿಗೆ ಇಂದು ಮುಂಬಯಿಯ ಮಗ್ಗುಲಲ್ಲಿ ಕುಳಿತು ಹಳ್ಳಿ ನೋಡೆಂಬ ಸಲಹೆ ಬಂದಿದೆ. ಪೆಟ್ಟಿಗೆ ಮಾತ್ರ ನೆಲದಿಂದೆದ್ದು ಮುಖಕ್ಕೆ ಬಂದು ಕೂತಿದೆ.

ಈ ಪೆಟ್ಟಿಗೆಯ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು. ಎಡಗಣ್ಣಿಗೊಂದು ಚಿತ್ರ, ಬಲಗಣ್ಣಿಗೆ ತುಸು ಓರೆಯಾದ ಇನ್ನೊಂದು ಚಿತ್ರ ತೋರಿಸಿದರೆ ಮಿದುಳು ಎರಡನ್ನೂ ಬೆಸೆದು ಆಳವನ್ನು ಕಾಣುತ್ತದೆ ಎಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿಕೊಟ್ಟಿದ್ದ. 1968ರಲ್ಲಿ ಅಮೆರಿಕದ ಐವನ್ ಸದರ್‌ಲ್ಯಾಂಡ್ ತಲೆ ತಿರುಗಿಸಿದಂತೆ ಚಿತ್ರವೂ ತಿರುಗುವ ಯಂತ್ರ ಮಾಡಿದ; ಅದು ಎಷ್ಟು ಭಾರವಿತ್ತೆಂದರೆ ಅದನ್ನು ಮಾಳಿಗೆಯಿಂದ ತೂಗುಹಾಕಬೇಕಾಗಿತ್ತು. 2016ರಲ್ಲಿ ಆಕ್ಯುಲಸ್ ರಿಫ್ಟ್ ಎಂಬ ಹೆಡ್‌ಸೆಟ್ 599 ಡಾಲರಿಗೆ ಬಂತು. ಆದರೆ ಅದಕ್ಕಿಂತ ದುಬಾರಿಯಾದ ಕಂಪ್ಯೂಟರಿಗೆ ತಂತಿಯಿಂದ ಕಟ್ಟಿದ ಹೊರತು ಅದು ನಡೆಯುತ್ತಿರಲಿಲ್ಲ. ಕರುವಿಗಿಂತ ಗೂಟ ತುಟ್ಟಿ.

ಅಲ್ಲಿಂದ ಮುಂದಿನ ದಾರಿ ಬೇಗ ಸವೆಯಿತು. 2018ರಲ್ಲಿ ಆಕ್ಯುಲಸ್ ಗೋ, 2019ರಲ್ಲಿ ಕ್ವೆಸ್ಟ್, 2020ರಲ್ಲಿ ಕ್ವೆಸ್ಟ್ 2. ಇವುಗಳಿಗೆ ಕಂಪ್ಯೂಟರೂ ಬೇಡ, ತಂತಿಯೂ ಬೇಡ. ಗಣಕದ ಬುದ್ಧಿ, ಬ್ಯಾಟರಿ ಎರಡೂ ಮುಖದ ಮೇಲಿನ ಪೆಟ್ಟಿಗೆಯಲ್ಲೇ. 2024ರ ಅಕ್ಟೋಬರ್ 15ರಂದು ಮೆಟಾ ಕಂಪನಿ ಕ್ವೆಸ್ಟ್ 3ಎಸ್ ಎಂಬುದನ್ನು ಒಂದು ಸೆಂಟು ಕಡಿಮೆ 300 ಡಾಲರಿಗೆ ಮಾರುಕಟ್ಟೆಗೆ ತಂದಿತು. ಅಂದಿನ ದರದಲ್ಲಿ ಸುಮಾರು 25,000 ರೂಪಾಯಿ. ಹಿಂದಿನ ವರ್ಷ 500 ಡಾಲರಿಗೆ ಬಂದಿದ್ದ ಕ್ವೆಸ್ಟ್ 3ರೊಳಗಿನ ಅದೇ ಚಿಪ್ಪು ಇದರಲ್ಲೂ ಇದೆ. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು, 514 ಗ್ರಾಂ. ಬ್ಯಾಟರಿ ಸರಾಸರಿ ಎರಡೂವರೆ ಗಂಟೆ. ನಮ್ಮ ಮಿತ್ರರು ಹೇಳುತ್ತಿರುವುದು ಇಂಥ ಅಗ್ಗದ, ಸ್ವತಂತ್ರ ಯಂತ್ರದ ವಿಚಾರ. ಕಣ್ಣಿಗೆ ಹಾಕಿಕೊಳ್ಳುವ ವಸ್ತುವಾದ್ದರಿಂದ ಇಲ್ಲಿಂದ ಮುಂದೆ ನಾನು ಅದನ್ನು ಕನ್ನಡಕವೆಂದೇ ಕರೆಯುತ್ತೇನೆ.

ಇದರ ಗುಣಗಳನ್ನು ಮುಚ್ಚಿಟ್ಟು ವಾದಿಸುವುದು ನ್ಯಾಯವಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸುಟ್ಟಗಾಯದ ರೋಗಿಗಳಿಗಾಗಿ ‘ಸ್ನೋವರ್ಲ್ಡ್’ ಎಂಬ ಹಿಮಲೋಕವನ್ನೇ ರಚಿಸಿದರು. ಗಾಯ ತೊಳೆದು ಪಟ್ಟಿ ಬದಲಿಸುವಾಗ ರೋಗಿ ಆ ಹಿಮದಲ್ಲಿ ಆಡುತ್ತಿದ್ದರೆ ಮನಸ್ಸು ನೋವಿನ ಕಡೆ ಅಷ್ಟಾಗಿ ಹರಿಯುವುದಿಲ್ಲ. 2021ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ದೀರ್ಘಕಾಲದ ಸೊಂಟನೋವಿಗೆ ವರ್ಚುವಲ್ ರಿಯಾಲಿಟಿಯ ಒಂದು ಚಿಕಿತ್ಸಾ ಸಾಧನಕ್ಕೆ ಅನುಮತಿ ಕೊಟ್ಟಿತು. ಜ್ವಾಲಾಮುಖಿಯ ಬಾಯಿ, ಸಮುದ್ರದ ತಳ, ಹೃದಯದ ಕವಾಟ ಇವನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದು ಬರೆದು ಕೈ ನೋಯಿಸಿಕೊಂಡ ನನಗೆ ಇಂಥದೊಂದು ಉಪಕರಣ ಶಾಲೆಯಲ್ಲಿ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇಂದಿಗೂ ಅನ್ನಿಸುತ್ತದೆ. ಹೋಗಲಾರದ ಜಾಗಕ್ಕೆ ಕರೆದೊಯ್ಯುವುದು ಇದರ ನಿಜವಾದ ಗುಣ. ಈ ಮಾತನ್ನು ವಾಚಕರು ನೆನಪಿಡಬೇಕು. ನನ್ನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಯಂತ್ರವನ್ನು ನೋಡದೆ ಮಾತಾಡುತ್ತಿದ್ದೇನೆ ಎಂದೂ ತಿಳಿಯಬೇಡಿ. ಪುಣೆಯಲ್ಲಿರುವ ನನ್ನ ತಮ್ಮನ ಮಗನ ಮನೆಯಲ್ಲಿ ಒಂದಿದೆ. ಯಾವ ಕಂಪನಿಯದೆಂಬುದು ಇಲ್ಲಿ ಬೇಡ. ಹಾಕಿಕೊಂಡು ನೋಡಿದೆ. ಒಂದು ಬೆಟ್ಟದ ತುದಿಯಲ್ಲಿ ನಿಲ್ಲಿಸಿದ. ಕೆಳಗೆ ಕಣಿವೆ. ಇದು ಸುಳ್ಳೆಂದು ಗೊತ್ತಿದ್ದೂ ಕಾಲು ನಡುಗಿತು. ಕಟಾಂಜನ ಹಿಡಿಯಲು ಕೈ ಚಾಚಿದೆ. ಕೈಗೆ ಬಂದದ್ದು ಮೇಜಿನ ಮೇಲಿನ ಚಹಾದ ಲೋಟ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಅಷ್ಟು ಹೊತ್ತು ತಡಕಾಡಿದರೂ ಆ ಯಂತ್ರದೊಳಗೆ ಕನ್ನಡದ ಒಂದಕ್ಷರವೂ ನನಗೆ ಸಿಗಲಿಲ್ಲ. ಕನ್ನಡ ತರಗತಿಗೆ ಕೊಳ್ಳುವ ವಸ್ತುವೆಂದು ಹೇಳಿದ್ದರಿಂದ ಇದನ್ನು ದಾಖಲಿಸುತ್ತಿದ್ದೇನೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ತರಗತಿ ಭಾನುವಾರ ಬೆಳಿಗ್ಗೆ 10ರಿಂದ 11.30ರ ತನಕ, 90 ನಿಮಿಷ. ಮಕ್ಕಳು 26. ಕನ್ನಡಕ ನಾಲ್ಕು. ಭಾಗಾಕಾರ ಮಾಡಿ ನೋಡಿ, ಒಂದು ಮಗುವಿಗೆ 14 ನಿಮಿಷವೂ ಪೂರ್ತಿ ದಕ್ಕುವುದಿಲ್ಲ. ಪಟ್ಟಿ ಸಡಿಲಿಸಿ ಬಿಗಿದು, ಮಸೂರ ಒರೆಸಿ, ಮುಂದಿನ ಮಗುವಿಗೆ ತೊಡಿಸುವಷ್ಟರಲ್ಲಿ ಅದರಲ್ಲೂ ನಾಲ್ಕು ನಿಮಿಷ ಖರ್ಚು. ಉಳಿದ ಹತ್ತು ನಿಮಿಷ ಮಗು ಹಂಪಿಯಲ್ಲಿರುತ್ತದೆ. ಮಿಕ್ಕ 22 ಮಕ್ಕಳು ಏನು ಮಾಡುತ್ತಾರೆ? ಸರದಿಯಲ್ಲಿ ಕೂತು ಹಿಂದಿ ಮರಾಠಿಗಳಲ್ಲಿ ಜಗಳವಾಡುತ್ತಾರೆ. ವಾರಕ್ಕೆ ಸಿಗುವ ಒಂದೂವರೆ ಗಂಟೆಯ ಕನ್ನಡವನ್ನು ಈ ಸರದಿಗೆ ಬಲಿ ಕೊಡಲು ನಾನು ಸಿದ್ಧಳಿಲ್ಲ.

ಎರಡನೆಯದು ವಯಸ್ಸು. ಹತ್ತು ವರ್ಷ ತುಂಬದ ಮಕ್ಕಳಿಗೆ ಇದು ಸಲ್ಲದು ಎನ್ನುವುದು ಮೆಟಾ ಕಂಪನಿಯದೇ ನಿಯಮ. ಮೊದಲು 13 ವರ್ಷವೆಂದಿತ್ತು. 2023ರಲ್ಲಿ ಹತ್ತರಿಂದ ಹನ್ನೆರಡರ ಮಕ್ಕಳಿಗೆ ತಂದೆತಾಯಿಯ ಹತೋಟಿಯಲ್ಲಿರುವ ಖಾತೆಯ ಮೂಲಕ ಅವಕಾಶ ಮಾಡಿದರು. ನಮ್ಮ 26 ಮಕ್ಕಳಲ್ಲಿ 15 ಮಂದಿಗೆ ಇನ್ನೂ ಹತ್ತು ತುಂಬಿಲ್ಲ. ಮಾರುವವನೇ ಬೇಡವೆನ್ನುವ ಮಕ್ಕಳ ಮುಖಕ್ಕೆ ನಾವು ಅದನ್ನು ಕಟ್ಟಬೇಕೆ? ಅಳತೆಯ ವಿಷಯವೂ ಇದೆ. ಕ್ವೆಸ್ಟ್ 3ಎಸ್‌ನಲ್ಲಿ ಎರಡು ಮಸೂರಗಳ ನಡುವಿನ ಅಂತರಕ್ಕೆ ಮೂರೇ ಮೆಟ್ಟಿಲು: 58, 63, 68 ಮಿಲಿಮೀಟರ್. ಚಿಕ್ಕ ಮಕ್ಕಳ ಕಣ್ಣಿನ ಪಾಪೆಗಳ ನಡುವಿನ ಅಂತರ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಅಪ್ಪನ ಚಪ್ಪಲಿ ಮಗನ ಕಾಲಿಗೆ ಹಾಕಿದಂತೆ.

ಮೂರನೆಯದು ತಲೆಸುತ್ತು. ಘಟ್ಟದ ರಸ್ತೆಯಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದರೆ ವಾಕರಿಕೆ ಬರುತ್ತದೆ. ಯಾಕೆಂದರೆ ದೇಹ ಹೊರಳುತ್ತಿದೆ ಎಂದು ಕಿವಿಯೊಳಗಿನ ಸಮತೋಲದ ಅಂಗ ಹೇಳುತ್ತದೆ, ಕಣ್ಣು ಇಲ್ಲವೆನ್ನುತ್ತದೆ. ಕನ್ನಡಕದೊಳಗೆ ಇದೇ ವ್ಯಾಜ್ಯ ತಿರುಗುಮುರುಗು: ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಕಿವಿ ಕುರ್ಚಿಯಲ್ಲೇ ಇದ್ದೇನೆ ಎನ್ನುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆದವರಿಗೆ ಆ ದಿನದ ಊಟ ಕೆಟ್ಟಂತೆ. ಒಬ್ಬರ ಬೆವರು ಇನ್ನೊಬ್ಬರ ಹಣೆಗೆ ಎಂಬ ಮಾತು ಬೇರೆ. 2021ರಲ್ಲಿ ಕ್ವೆಸ್ಟ್ 2ರ ಮುಖಕ್ಕೆ ತಾಗುವ ಸ್ಪಂಜಿನ ಪಟ್ಟಿಯಿಂದ ಕೆಲವರಿಗೆ ಚರ್ಮದ ಉರಿ ಬಂದು, ಅಮೆರಿಕದಲ್ಲಿ ಸುಮಾರು 40 ಲಕ್ಷ ಯಂತ್ರಗಳ ಪಟ್ಟಿಯ ವಿಷಯದಲ್ಲಿ ಹಿಂಪಡೆಯುವ ಕ್ರಮ ಕೈಗೊಂಡು, ಉಚಿತವಾಗಿ ಸಿಲಿಕೋನ್ ಹೊದಿಕೆ ಹಂಚಬೇಕಾಯಿತು. ಅದು ಸರಿಹೋಯಿತು, ನಿಜ. ಆದರೆ ಮೇ ತಿಂಗಳ ಸೆಕೆಯಲ್ಲಿ ಡೊಂಬಿವಲಿಯ ಬೆವರು ಹೇಗಿರುತ್ತದೆಂದು ನಾನು ಇಲ್ಲಿನ ವಾಚಕರಿಗೆ ವಿವರಿಸಬೇಕಾಗಿಲ್ಲ.

ನಾಲ್ಕನೆಯದು ಆಯುಷ್ಯ. ಸಮಿತಿಯವರು ಒಮ್ಮೆ ನಮ್ಮ ಕಪಾಟನ್ನು ತೆರೆದು ನೋಡಬೇಕೆಂದು ವಿನಂತಿ. ಮೇಲಿನ ಖಾನೆಯಲ್ಲಿ ವಿಡಿಯೋ ಕ್ಯಾಸೆಟ್ಟಿನ ಯಂತ್ರ, ನಡುವೆ ಹಾಳೆಯ ಚಿತ್ರವನ್ನು ಗೋಡೆಗೆ ಬೀರುವ ಪ್ರೊಜೆಕ್ಟರ್, ಕೆಳಗೆ ಫ್ಲಾಪಿ ಹಾಕುವ ಕಂಪ್ಯೂಟರ್. ಒಂದೊಂದೂ ಬಂದ ದಿನ ಅರಿಸಿನ ಕುಂಕುಮ ಹಚ್ಚಿಸಿಕೊಂಡದ್ದೇ. ಕೆಟ್ಟು ನಿಂತದ್ದಕ್ಕಿಂತ ಕಾಲ ಮೀರಿ ನಿಂತದ್ದು ಹೆಚ್ಚು. ಹೊಸ ಕನ್ನಡಕ ಇದಕ್ಕೆ ಹೊರತಲ್ಲ. 2018ರಲ್ಲಿ ಬಂದ ಆಕ್ಯುಲಸ್ ಗೋ ಮಾರಾಟ 2020ರಲ್ಲಿ ನಿಂತಿತು. 2019ರ ಮೊದಲ ಕ್ವೆಸ್ಟಿಗೆ ದೋಷ ತಿದ್ದುವ, ಭದ್ರತೆ ಕಾಯುವ ಕೆಲಸವನ್ನು 2024ರ ತನಕ ಮಾತ್ರ ಮಾಡುತ್ತೇವೆಂದು ಕಂಪನಿ ಹೇಳಿತು. ಗೂಗಲ್ ಕಂಪನಿ 2014ರಲ್ಲಿ ತಂದ ರಟ್ಟಿನ ಕನ್ನಡಕದ ಮಾರಾಟವನ್ನು 2021ರಲ್ಲಿ ಕೈಬಿಟ್ಟಿತು. ಎಂದರೆ ಎರಡರಿಂದ ಏಳು ವರ್ಷ. ಅದೇ ಕಪಾಟಿನ ಪಕ್ಕದಲ್ಲಿರುವ ಹಾರ್ಮೋನಿಯಮ್ಮನ್ನು ಸಂಘ ಕೊಂಡದ್ದು 1979ರಲ್ಲಿ. ಕಳೆದ ರಾಜ್ಯೋತ್ಸವದಲ್ಲೂ ಅದು ಶ್ರುತಿ ಹಿಡಿದಿದೆ.

ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಗೃಹಿಣಿಯೂ ಕೇಳುತ್ತಾಳೆ. ನಮ್ಮ ಲೇಖಕರು ಕೇಳಿಲ್ಲ. ಈ ಕನ್ನಡಕಗಳನ್ನು ತಯಾರಿಸುವ ಮೆಟಾದ ವಿಭಾಗಕ್ಕೆ 2024ರಲ್ಲಿ ಸುಮಾರು 1,770 ಕೋಟಿ ಡಾಲರ್ ನಷ್ಟವಾಗಿದೆ. ಇಷ್ಟು ನಷ್ಟವನ್ನು ಯಾವ ವ್ಯಾಪಾರಿಯೂ ಪುಣ್ಯಕ್ಕಾಗಿ ಸಹಿಸುವುದಿಲ್ಲ. ಇಂದು ಪೆಟ್ಟಿಗೆ ಅಗ್ಗ, ನಾಳೆ ಅದರೊಳಗಿನ ಆಟ ಪಾಠಗಳನ್ನು ಅವರ ಅಂಗಡಿಯಲ್ಲೇ ಕೊಳ್ಳಬೇಕು. ಅವರ ಖಾತೆ ತೆರೆಯದೆ ಪೆಟ್ಟಿಗೆ ಕಣ್ಣು ಬಿಡುವುದಿಲ್ಲ. ಹೊರಮೈಯಲ್ಲಿ ಕ್ಯಾಮರಾಗಳಿವೆ, ಕೋಣೆಯ ಅಳತೆ ತಿಳಿಯಲು, ಗೋಡೆಗೆ ಡಿಕ್ಕಿಯಾಗದಂತೆ ಕಾಯಲು ಅವು ಬೇಕು. ಆದರೂ ಮಕ್ಕಳು ಕೂಡುವ ಕೋಣೆಯೊಳಗೆ ಯಾರ ಕಣ್ಣನ್ನು ಕರೆತರುತ್ತಿದ್ದೇವೆ ಎಂಬುದನ್ನು ಪಾಲಕರನ್ನು ಕೇಳಿಯೇ ನಿರ್ಧರಿಸಬೇಕು.

ಆದರೆ ಇವೆಲ್ಲ ಚಿಲ್ಲರೆ ಆಕ್ಷೇಪಗಳು. ನಾಳೆ ಕನ್ನಡಕ ಹಗುರವಾಗಬಹುದು, ಮಕ್ಕಳ ಕಣ್ಣಿನ ಅಳತೆಗೆ ಬರಬಹುದು, ಕನ್ನಡ ಅಕ್ಷರವೂ ಮೂಡಬಹುದು. ಅಂದು ನನ್ನ ವಾದ ಬಿದ್ದುಹೋಗುವುದೇ? ಇಲ್ಲ. ಯಾಕೆಂದು ಹೇಳಲು ಎರಡು ಪ್ರಸಂಗಗಳನ್ನು ವಾಚಕರ ಮುಂದೆ ಇಡುತ್ತೇನೆ.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿಗೆ ಈಗ ಎಂಬತ್ತೇಳು. ಧಾರವಾಡ ಸೀಮೆಯವರು. ಮೊಣಕಾಲು ಸೋತು ಆರು ವರ್ಷವಾಯಿತು, ಊರ ಮುಖ ಕಂಡಿಲ್ಲ. ಅವರ ಮೊಮ್ಮಗ ಕಳೆದ ವರ್ಷ ಊರ ತೇರಿಗೆ ಹೋದವನು ಸುತ್ತಲೂ ಚಿತ್ರ ಹಿಡಿಯುವ ಕ್ಯಾಮರಾ ಒಯ್ದು, ಮನೆ, ಹಿತ್ತಲು, ಗುಡಿ, ತೇರು ಎಲ್ಲವನ್ನೂ ತುಂಬಿಕೊಂಡು ಬಂದ. ಅಜ್ಜನನ್ನು ಆರಾಮ ಕುರ್ಚಿಯಲ್ಲಿ ಕೂರಿಸಿ ಕನ್ನಡಕ ತೊಡಿಸಿದ. ನಾನು ಅಲ್ಲೇ ಇದ್ದೆ. ಮುದುಕರು ಕತ್ತು ಹೊರಳಿಸಿ ಹೊರಳಿಸಿ ನೋಡಿದರು. ‘ಬಾವಿಕಟ್ಟಿ ಒಡದೇತಿ’ ಎಂದರು. ‘ಬೇವಿನ ಗಿಡಾ ಕಡದಾರ’ ಎಂದರು. ತೇರು ಎದುರಿಗೆ ಬಂದಾಗ ಎರಡೂ ಕೈ ಜೋಡಿಸಿದರು. ಇಪ್ಪತ್ತು ನಿಮಿಷ. ಕನ್ನಡಕ ತೆಗೆದಾಗ ಕಣ್ಣು ಒದ್ದೆಯಾಗಿತ್ತು. ಯಂತ್ರ ಸಾರ್ಥಕವಾಯಿತೆಂದು ನನಗೂ ಅನ್ನಿಸಿತು. ಇಂದಿಗೂ ಹಾಗೇ ಅನ್ನುತ್ತೇನೆ. ಆದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ನನ್ನ ಕಡೆ ತಿರುಗಿ ಹೇಳಿದ ಮಾತು ಇದು: ‘ಎಲ್ಲಾ ಕಂಡೆ ನೋಡ್ರಿ ಅಕ್ಕೋರ. ಅಷ್ಟು ಮಂದಿ ನನ್ನ ಮುಂದಽ ಹಾದು ಹೋದ್ರು. ಯಾವಾಗ ಬಂದ್ರಿ ಅಂತ ಒಬ್ಬರೂ ಕೇಳಲಿಲ್ಲ.’

ಊರಿಗೆ ಹೋದವರೆಲ್ಲ ಬಲ್ಲರು, ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಹತ್ತು ಜನ ಕೇಳುವ ಮಾತು ಅದೊಂದೇ. ಯಾವಾಗ ಬಂದ್ರಿ? ಎಷ್ಟು ದಿವಸ ಇರ್ತೀರಿ? ಕೆಲವರ ಕಿವಿಗೆ ಅದು ಕಿರಿಕಿರಿ. ಆದರೆ ನಮ್ಮಂತೆ ಊರು ಬಿಟ್ಟು ಬಂದವರಿಗೆ ಅದೇ ನಮ್ಮ ಗುರುತಿನ ಚೀಟಿ. ಕನ್ನಡಕದೊಳಗಿನ ಊರನ್ನು ನಾವು ಕಾಣುತ್ತೇವೆ, ಅದು ನಮ್ಮನ್ನು ಕಾಣುವುದಿಲ್ಲ. ಕಾಲು ಸೋತ ಹಿರಿಯರಿಗೆ ಅಷ್ಟಾದರೂ ಸಿಕ್ಕಿತಲ್ಲ ಎನ್ನಬಹುದು. ಎಂಟು ವರ್ಷದ, ಕಾಲು ಗಟ್ಟಿಯಾಗಿರುವ ಮಗುವಿಗೂ ಅಷ್ಟೇ ಸಾಕು ಎನ್ನಲು ನಮಗೇನು ಅಧಿಕಾರ?

ಎರಡನೆಯ ಪ್ರಸಂಗ ಪ್ರವಾಸದ್ದು. ಕಲ್ಯಾಣದಲ್ಲಿ ರಾತ್ರಿ ಹುಬ್ಬಳ್ಳಿಯ ಗಾಡಿ ಹತ್ತಿದರೆ ಬೆಳಗಾಗುವ ಹೊತ್ತಿಗೆ ಮಿರಜ ದಾಟಿ ಕರ್ನಾಟಕದೊಳಗೆ ಇರುತ್ತೇವೆ. ನಾನು ಯಾವ ಮಗುವನ್ನೂ ಎಬ್ಬಿಸುವುದಿಲ್ಲ. ಒಂದೆರಡು ತಾವೇ ಎದ್ದು ಕಿಟಕಿಗೆ ಮೂಗು ಹಚ್ಚಿರುತ್ತವೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗ, ತರಗತಿಯಲ್ಲಿ ಒತ್ತಕ್ಷರ ಬಂದರೆ ಸಾಕು ಹೊಟ್ಟೆನೋವು ಎನ್ನುವವನು, ಸ್ಟೇಷನ್ನಿನ ಹಳದಿ ಹಲಗೆಯನ್ನು ನೋಡಿ ‘ಘ... ಟ... ಪ್ರ... ಭಾ’ ಎಂದು ಗಟ್ಟಿಯಾಗಿ ಓದಿದ. ಓದಿ, ತಾನೇ ಬೆರಗಾಗಿ ನನ್ನ ಮುಖ ನೋಡಿದ. ಪುಸ್ತಕದ ಹೊರಗೆ ಕನ್ನಡ ಅಕ್ಷರ ಇರುತ್ತದೆಂಬುದು ಅವನಿಗೆ ಆ ದಿನ ಗೊತ್ತಾಯಿತು.

ಅದೇ ಪ್ರವಾಸದಲ್ಲಿ ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನ ಸೆರಗು ಹಿಡಿದೆಳೆದಳು. ಒಬ್ಬ ಕಂಡಕ್ಟರ್ ಮತ್ತು ಬಾಳೆಹಣ್ಣಿನ ಮುದುಕಿಯ ನಡುವೆ ಜಗಳ ನಡೆದಿತ್ತು. ಪೋಲೀಸಿನವನು ನಡುವೆ ಬಂದು ಇಬ್ಬರನ್ನೂ ಗದರಿದ. ಹುಡುಗಿ ಕಣ್ಣರಳಿಸಿ ಕೇಳಿದಳು: ‘ಟೀಚರ್, ಇಲ್ಲಿ ಎಲ್ಲರೂ ನಮ್ಮ ಮನೆ ಭಾಷೆ ಮಾತಾಡ್ತಾರಾ? ಪೋಲೀಸರೂನಾ?’ ವಾಚಕರೇ, ಈ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಆ ಮಗುವಿಗೆ ಅಲ್ಲಿಯ ತನಕ ಕನ್ನಡವೆಂದರೆ ಅಜ್ಜಿಯ ಭಾಷೆ, ಅಡಿಗೆಮನೆಯ ಭಾಷೆ, ಬೈಗುಳದ ಭಾಷೆ. ಬಾಗಿಲ ಹೊರಗೆ ಕಾಲಿಟ್ಟರೆ ಮುಚ್ಚಿಟ್ಟುಕೊಳ್ಳಬೇಕಾದ ಭಾಷೆ. ಅದರಲ್ಲಿ ಬಸ್ಸು ಓಡುತ್ತದೆ, ವ್ಯಾಪಾರ ನಡೆಯುತ್ತದೆ, ಪೋಲೀಸರು ಗದರುತ್ತಾರೆ ಎಂದು ಅವಳಿಗೆ ಯಾವ ಪಾಠವೂ ಹೇಳಿಕೊಟ್ಟಿರಲಿಲ್ಲ. ಮರುಕ್ಷಣ ಆ ಹುಡುಗಿ ಹತ್ತು ರೂಪಾಯಿ ಹಿಡಿದು ಮುದುಕಿಯ ಮುಂದೆ ನಿಂತು ಬಾಳೆಹಣ್ಣು ಕೇಳಿದಳು. ಮುದುಕಿ ‘ಯಾವೂರವ್ವಾ ನಿಂದು?’ ಎಂದಳು. ಉತ್ತರ ಹೇಳಲು ಹುಡುಗಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮಾರನೆಯ ದಿನ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಮಕ್ಕಳೆಲ್ಲ ನಿಂತು ಫೋಟೋ ತೆಗೆಸಿಕೊಂಡರು. ರಥವನ್ನು ಕನ್ನಡಕ ಇನ್ನೂ ಚೆನ್ನಾಗಿ, ಇನ್ನೂ ಹತ್ತಿರದಿಂದ ತೋರಿಸಬಲ್ಲದು, ಒಪ್ಪುತ್ತೇನೆ. ಆದರೆ ರಥ ಮಾತಾಡುವುದಿಲ್ಲ. ಬಾಳೆಹಣ್ಣಿನ ಮುದುಕಿ ಮಾತಾಡುತ್ತಾಳೆ. ನಮ್ಮ ಪ್ರವಾಸ ಹೊರಡುವುದು ಹಂಪಿಯ ಹೆಸರಿನಲ್ಲಿ. ಮಕ್ಕಳು ಗಳಿಸಿಕೊಂಡು ಬರುವುದು ಆ ಮುದುಕಿಯ ಪ್ರಶ್ನೆಯನ್ನು.

ಇನ್ನು ಲೇಖಕರ ಆಕ್ಷೇಪಗಳಿಗೆ ಉತ್ತರ. ಮೇ ತಿಂಗಳ ಹಂಪಿಯ ಬಿಸಿಲು ಮಕ್ಕಳಿಗೆ ಅಪಾಯ ಎಂದಿದ್ದಾರೆ. ಇದು ನ್ಯಾಯವಾದ ಮಾತು. ಎರಡು ವರ್ಷದ ಹಿಂದೆ ಒಂದು ಮಗು ಬಿಸಿಲಿಗೆ ತಲೆತಿರುಗಿ ಬಿದ್ದಿತು. ಸಂಜೆಯ ತನಕ ನನ್ನ ಕೈಕಾಲು ತಣ್ಣಗಾಗಿದ್ದವು. ಆ ತಪ್ಪು ನನ್ನದು, ತಾಯಿತಂದೆಯರ ಕ್ಷಮೆ ಅಂದೇ ಕೇಳಿದ್ದೇನೆ. ಆದರೆ ಮೇ ತಿಂಗಳಲ್ಲಿ ಬಿಸಿಲಿದ್ದರೆ ಡಿಸೆಂಬರಿನಲ್ಲಿ ಹೋಗೋಣ. ಕ್ರಿಸ್‌ಮಸ್ ರಜೆಯಲ್ಲಿ ಹಂಪಿ ತಂಪಾಗಿರುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರುಂಟೆ?

ಪ್ರವಾಸದಿಂದ ಇಪ್ಪತ್ತೇ ಮಕ್ಕಳಿಗೆ ಲಾಭ, ಕನ್ನಡಕ ಎಲ್ಲರಿಗೂ, ವರ್ಷವಿಡೀ ಎಂದಿದ್ದಾರೆ. ಇಪ್ಪತ್ತು ಮಕ್ಕಳು, ನಾಲ್ವರು ಹಿರಿಯರು, ತಲೆಗೆ 5,000ದಂತೆ ನಾಲ್ಕು ದಿನ. ಆ ನಾಲ್ಕು ದಿನವೂ ಮಗು ಎದ್ದಾಗಿನಿಂದ ಮಲಗುವ ತನಕ ಕನ್ನಡದ ನಡುವೆ ಇರುತ್ತದೆ. ಕನ್ನಡಕದ ಪಾಲು ವಾರಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷವೂ ಮೂಕ. ಉಳಿದ ಆರು ಮಕ್ಕಳನ್ನೂ ಕರೆದೊಯ್ಯಲು ಇನ್ನೂ 30,000 ಬೇಕು ಎಂದರೆ, ಒಂದು ಕನ್ನಡಕದ ಬೆಲೆ. ಅದನ್ನು ಕೂಡಿಸುವುದು ಈ ಸಂಘಕ್ಕೆ ಭಾರವಲ್ಲ.

ಮಕ್ಕಳಿಗೆ ಪರದೆಯೇ ಪ್ರಪಂಚ, ನಾವು ಕಾಲದ ಜೊತೆ ಹೆಜ್ಜೆ ಹಾಕಬೇಕು ಎಂಬುದು ಕೊನೆಯ ವಾದ. ಮನೆಯಲ್ಲಿ ಪರದೆ, ಶಾಲೆಯಲ್ಲಿ ಪರದೆ, ಲೋಕಲ್ ಗಾಡಿಯಲ್ಲಿ ಅಪ್ಪನ ಕೈಯಲ್ಲೂ ಪರದೆ. ವಾರಕ್ಕೊಮ್ಮೆ ಒಂದೂವರೆ ಗಂಟೆ ಪರದೆಯಿಲ್ಲದ ಜಾಗ ಸಂಘದ ಸಭಾಗೃಹ. ಅಲ್ಲಿಯೂ ಅದನ್ನೇ ತಂದರೆ ನಾವು ಕಾಲದ ಜೊತೆ ಹೆಜ್ಜೆ ಹಾಕಿದಂತಲ್ಲ, ಕಾಲದ ಹಿಂದೆ ಗಂಟುಮೂಟೆ ಹೊತ್ತು ಓಡಿದಂತೆ. ಮೇಲಾಗಿ ಆ ಪರದೆಯಲ್ಲಿ ನಮ್ಮ ಊರುಗಳು ಎಷ್ಟಿವೆ? 2022ರ ಜುಲೈಯಲ್ಲಿ ಗೂಗಲ್ ತನ್ನ ಬೀದಿಯ ಚಿತ್ರಗಳ ಸೇವೆಯನ್ನು ಭಾರತದಲ್ಲಿ ಮತ್ತೆ ಆರಂಭಿಸಿದಾಗ ಮೊದಲು ಸೇರಿದ್ದು ಹತ್ತು ನಗರಗಳು, ಕರ್ನಾಟಕದಿಂದ ಬೆಂಗಳೂರೊಂದೇ. ನಮ್ಮ ಮಕ್ಕಳ ಅಜ್ಜ ಅಜ್ಜಿಯರ ಊರುಗಳು ಬೆಂಗಳೂರಲ್ಲ. ಅವು ಶಿರಹಟ್ಟಿ, ಇಂಡಿ, ಕುಂದಾಪುರ, ಅಂಕೋಲಾ, ಕಾರ್ಕಳ. ಅವನ್ನು ಕನ್ನಡಕದೊಳಗೆ ಯಾವ ಪರದೇಶದ ಕಂಪನಿಯೂ ತಾನಾಗಿ ತುಂಬಿಕೊಡಲಾರದು. ನಾವೇ ಹೋಗಿ ತುಂಬಬೇಕು. ಹೋಗುವುದನ್ನೇ ನಿಲ್ಲಿಸಿದರೆ ತುಂಬುವವರು ಯಾರು?

ಬರೀ ಬೇಡವೆಂದು ಹೇಳಿ ಕೂರುವುದು ನನ್ನ ಸ್ವಭಾವವಲ್ಲ. ಆದ್ದರಿಂದ ಮಹಾಸಭೆಯ ಮುಂದೆ ನನ್ನ ತಿದ್ದುಪಡಿ ಹೀಗಿದೆ. ಸಂಘ ಕನ್ನಡಕ ಕೊಳ್ಳಲಿ, ಆದರೆ ನಾಲ್ಕಲ್ಲ, ಒಂದು. ಅದು ಭಾನುವಾರದ ತರಗತಿಗೆ ಬೇಡ. ಮನೆಯಿಂದ ಹೊರಬರಲಾರದ ಹಿರಿಯ ಸದಸ್ಯರಿಗಾಗಿ ಇರಲಿ. ಸರದಿಯ ಪ್ರಕಾರ ಅವರ ಮನೆಗೆ ಒಯ್ದು ತೋರಿಸುವ ಕೆಲಸವನ್ನು ಕಾಲೇಜು ಓದುವ ನಮ್ಮ ಹುಡುಗ ಹುಡುಗಿಯರು ವಹಿಸಿಕೊಳ್ಳಲಿ. ಹಿರಿಯರನ್ನು ಕೂರಿಸಿಯೇ ತೋರಿಸಬೇಕು, ಹದಿನೈದು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಬೇಕು, ತೆಗೆದ ಮೇಲೆ ಎದುರಿಗೆ ಕೂತು ಮಾತಾಡಬೇಕು. ಕಡೆಯದೇ ಮುಖ್ಯ, ಊರು ಕೇಳದ ಪ್ರಶ್ನೆಯನ್ನು ಆ ಹುಡುಗರಾದರೂ ಕೇಳಲಿ. ಇದರ 30,000 ರೂಪಾಯಿ ಪ್ರವಾಸದ ನಿಧಿಯಿಂದ ಬೇಡ, ದೇಣಿಗೆಯಿಂದ ಬರಲಿ. ಪಟ್ಟಿಯಲ್ಲಿ ಮೊದಲು ನನ್ನ ಪಿಂಚಣಿಯ 2,000 ಬರೆದುಕೊಳ್ಳಿ.

ಪ್ರವಾಸ ಮುಂದುವರಿಯಲಿ, ಡಿಸೆಂಬರಿಗೆ ಬದಲಾಗಲಿ. ಕನ್ನಡಕದಲ್ಲಿ ತೋರಿಸಲು ಬೇಕಾದ ಊರುಗಳ ಚಿತ್ರವನ್ನು ಪ್ರವಾಸ ಹೋದ ಮಕ್ಕಳೇ ಹಿಡಿದು ತರಲಿ. ಪ್ರತಿವರ್ಷ ಯಾರಾದರೂ ಒಬ್ಬ ಹಿರಿಯರ ಊರನ್ನು ದಾರಿಯಲ್ಲಿ ಸೇರಿಸಿಕೊಳ್ಳೋಣ. ಮಗು ಬಾವಿಕಟ್ಟೆಯ ಮುಂದೆ ನಿಂತು, ಅಲ್ಲಿಯವರನ್ನು ಮಾತಾಡಿಸಿ, ‘ಡೊಂಬಿವಲಿಯ ಅಜ್ಜ ನಿಮ್ಮನ್ನು ಕೇಳಿದ್ದಾರೆ’ ಎನ್ನಲಿ. ಅವರು ಕ್ಯಾಮರಾದ ಕಡೆ ತಿರುಗಿ ಅಜ್ಜನ ಹೆಸರು ಹಿಡಿದು ‘ಯಾವಾಗ ಬರ್ತೀರಿ?’ ಎಂದರೆ, ಆ 300 ಡಾಲರಿನ ಪೆಟ್ಟಿಗೆ ತನ್ನ ಬೆಲೆಗಿಂತ ಹೆಚ್ಚು ಕೆಲಸ ಮಾಡಿದಂತೆ.

ಹೋಗಲಾರದವರಿಗೆ ಕನ್ನಡಕ, ಹೋಗಬಲ್ಲವರಿಗೆ ರೈಲು. ಇಷ್ಟು ಸರಳವಾದ ಹಂಚಿಕೆಯನ್ನು ತಿರುವುಮುರುವು ಮಾಡುವುದು ಬೇಡವೆಂದು ನನ್ನ ವಿನಂತಿ. ನನ್ನ ಹಳೆಯ ವಿದ್ಯಾರ್ಥಿ ಇದಕ್ಕೆ ಉತ್ತರ ಬರೆಯಲಿ; ಸಂಪಾದಕರು ಪ್ರಕಟಿಸಲಿ. ಆದರೆ ಬರೆಯುವ ಮುಂಚೆ ಅವರಿಗೊಂದು ಮನೆಗೆಲಸ ಕೊಡುತ್ತೇನೆ. ನಮ್ಮ ಮೊದಲ ಪ್ರವಾಸದಲ್ಲಿ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ, ಚಹಾದವನು ‘ಯಾವೂರಪ್ಪಾ ತಮ್ಮಾ?’ ಎಂದು ಕೇಳಿದಾಗ ಹನ್ನೆರಡು ವರ್ಷದ ಹುಡುಗನೊಬ್ಬ ಎದೆಯುಬ್ಬಿಸಿ ತನ್ನ ಅಜ್ಜನ ಹಳ್ಳಿಯ ಹೆಸರು ಹೇಳಿದ್ದ. ಆ ಹುಡುಗ ಯಾರೆಂದು ಅವರು ನೆನಪು ಮಾಡಿಕೊಳ್ಳಲಿ. ಮಹಾಸಭೆಗೆ ಎಲ್ಲರೂ ಬನ್ನಿ, ಮಕ್ಕಳನ್ನೂ ಕರೆತನ್ನಿ.